ಹೆಬ್ಬೆರಳಿನ ಹೆಸರು

ಕಳೆದ ವರ್ಷ ಅಡುಗೆಮನೆಯ ಯಂತ್ರಕ್ಕೆ ಸಿಕ್ಕಿದ್ದ ಶಾಲೆಯ ಉತ್ತಮ ಸಿಬ್ಬಂದಿ ಪ್ರಶಸ್ತಿ ಈ ಸಲ ಮಕ್ಕಳಿಗಾಗಿ ಹೊಸದಾಗಿ ತಂದ ‘ಯಂತ್ರದ ಕೈ’ಗೆ ಸಿಕ್ಕಿತು. ಕಣ್ಣೂ ಕಾಣದ, ಕಿವಿಯೂ ಕೇಳದ ಮಕ್ಕಳ ಅಂಗೈಯಲ್ಲಿ ಬರೆದು ಮಾತಾಡುವುದನ್ನು ಅದು ಆಯಾ ಫಕೀರವ್ವನಿಂದಲೇ ಕಲಿತಿತ್ತು; ಅದನ್ನು ಮಾಡಿದ್ದೂ ಅವಳ ಕೈಯ ಅಚ್ಚಿನಲ್ಲೇ. ಮಕ್ಕಳೆಲ್ಲ ಅದನ್ನು ಒಪ್ಪಿದರೆ ಅವಳ ನೌಕರಿ ಹೋದಂತೆ. ಪುಟ್ಟ ಜುಬೇದಾ ಒಬ್ಬಳೇ ಅದನ್ನು ದೂರ ತಳ್ಳುತ್ತಿದ್ದಳು.

“ಅದು ನಿಮ್ಮ ಕೈನ ಅಲ್ಲೇನ್ರಿ? ಅದಕ್ಕ ಹಾರ ಬಿದ್ರ ನಿಮಗ ಬಿದ್ದಂಗ,” ಎಂದರು ಹೆಡ್‌ಮಾಸ್ತರು.

“ಹಂಗಾರ ಚಾನೂ ಅದಕ್ಕ ಕೊಡ್ರಿ ಸರ, ನಾ ಕುಡದಂಗ ಆಕ್ಕೈತಿ,” ಎಂದಳು ಫಕೀರವ್ವ.

ಅವಳ ಹೆಬ್ಬೆರಳಲ್ಲಿ ಹಂಚು ತಾಗಿ ಸುಟ್ಟ ಕಲೆಯಿತ್ತು. ತಮ್ಮ ಹೆಬ್ಬೆರಳನ್ನು ಒತ್ತಿ ತೋರಿಸುವುದೇ ಮಕ್ಕಳು ಅವಳಿಗಿಟ್ಟ ಹೆಸರು. ಹಾರ ಹಿಡಿದು ಬಂದ ಜುಬೇದಾ ಯಂತ್ರದ ಹೆಬ್ಬೆರಳನ್ನು ತಡವಿದಳು. ಈಗ ತಳ್ಳುತ್ತಾಳೆ ಎಂದು ಫಕೀರವ್ವ ಕಾದಳು.

ಅದರಲ್ಲಿ ಈಗ ಆ ಕಲೆಯನ್ನೂ ಮಾಡಿಸಿದ್ದರು. ಜುಬೇದಾ ನಕ್ಕು, ತನ್ನ ಹೆಬ್ಬೆರಳನ್ನು ಒತ್ತಿ ಅದನ್ನು ಕರೆದಳು.

ಫಕೀರವ್ವ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.