ಮಾದರಿಯ ಮಣ್ಣು

ಭೂಮಿ ಎರಡನೇ ಸಲ ನಡುಗಿದಾಗ ಆ ಐದು ಮಹಡಿಯ ಕಟ್ಟಡದ ಜನರೆಲ್ಲ ಬಯಲಿಗೆ ಓಡಿ ಬಂದರು. ನೆಲಮಹಡಿಯಲ್ಲಿ ಗೋಡೆಗಳಿರಲಿಲ್ಲ, ಗಾಡಿ ನಿಲ್ಲಿಸಲು ಜಾಗ ಬಿಟ್ಟು ಬರೀ ಕಂಬ ಎಬ್ಬಿಸಿದ್ದರು. ಕಟ್ಟಿಸಿದ ಎಂಜಿನಿಯರು ಕಂಬದಿಂದ ಕಂಬಕ್ಕೆ ಅಲೆಯುತ್ತ ಬಿರುಕುಗಳ ಮೇಲೆ ಬೆರಳಾಡಿಸಿ ನೋಡುತ್ತಿದ್ದರು.

“ಒಳಗ ಹೋಗೂಣೇನ್ರೀ? ಕೂಸಿಗೆ ಜ್ವರ ಬಂದಾವು,” ಎಂದು ಒಬ್ಬ ತಾಯಿ ಮೂರನೇ ಸಲ ಕೇಳಿದಳು.

“ಹೋಗ್ರಿ. ಬರೀ ಗಿಲಾವು ಬಿಟ್ಟೈತಿ. ತಳದಾಗ ಗಟ್ಟಿ ಗರಸು ಐತಿ, ಮಣ್ಣಿನ ಪರೀಕ್ಷಾ ಮಾಡಿಸೇ ಕಟ್ಟೀವಿ.”

ಜನ ಅನುಮಾನಿಸುತ್ತಲೇ ಮೆಟ್ಟಿಲು ಹತ್ತಿದರು. ಆ ತಾಯಿಯೂ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೋದಳು.

ಬುನಾದಿ ತೋಡಿಸಿದ ಗೌಂಡಿ ಸಾಬಣ್ಣ ಮಾತ್ರ ಟವೆಲ್ಲು ಹಿಂಡುತ್ತ ಅಲ್ಲೇ ನಿಂತಿದ್ದ.

“ಸಾಹೇಬ್ರ, ತಳದಾಗ ಎರಿ ಮಣ್ಣಿದ್ರ ಏನಾಗ್ತಿತ್ರೀ?”

“ಎರಿ ನೆಲ ನಡುಗಿದ್ರ ಕಟ್ಟಡಾನ ತೊಟ್ಟಿಲದಂಗ ತೂಗ್ತೈತಿ. ಗ್ವಾಡಿ ಇಲ್ಲದ ಕಂಬ ಮೂರನೇ ಸಲಕ್ಕ ಮುರೀತಾವು. ತಳ ತೋಡುವಾಗ ನಾ ಊರಾಗ ಇರಲಿಲ್ಲ, ಅದಕ್ಕ ಪರೀಕ್ಷಾಕ್ಕ ಮಾದರಿ ಮಣ್ಣು ಕಳಸು ಅಂತ ನಿನಗ ಹೇಳಿದ್ದೆ.”

ಸಾಬಣ್ಣ ತಲೆಯೆತ್ತಿ ನೋಡಿದ. ಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದವು.

“ಅವರನ್ನ ಕೆಳಗ ಕರೀರಿ.”

“ಯಾಕ?”

“ಪ್ಯಾಟಿಗೆ ಜ್ವಾಳದ ಮಾದರಿ ಒಯ್ಯುವಾಗ ಚೊಲೋ ಕಾಳ ಆರಿಸಿ ಒಯ್ತೀವ್ರೀ. ನಿಮಗೂ ಹಂಗ, ಗುಡ್ಡಕ್ಕ ಹೋಗಿ ಚೊಲೋ ಮಣ್ಣ ತುಂಬಿ ಕಳಿಸಿದ್ದೆ.”