ಅಮ್ಮನ ಫೈಲು

"ಒಂದೂ ತಪ್ಪಿಲ್ವಲ್ಲ, ಹೇಗಿದು?" ಮಂದಾಕಿನಿ ಪರದೆ ನೋಡುತ್ತ ತನ್ನಷ್ಟಕ್ಕೇ ಕೇಳಿಕೊಂಡಳು. ತೀರಿಹೋದವರ ನೆನಪುಗಳನ್ನು ಆವರಣ ಚಿಹ್ನೆಗಳೊಳಗೆ ಬರೆದಿಡುವ ‘ಜೇಸನ್’ ಎಂಬ ಕಂಪ್ಯೂಟರ್ ಫೈಲುಗಳನ್ನು ಪರಿಶೀಲಿಸುವುದು ಅವಳ ಕೆಲಸ. ಅವಳು ಒಪ್ಪಿಗೆ ಒತ್ತಿದರೆ ಮನೆಯವರು ತಂದ ಪ್ರತಿಯಷ್ಟೇ ಉಳಿದು, ಮೂಲಪ್ರತಿ ಅಳಿಸಿಹೋಗುತ್ತದೆ. ಇಂದು ತಮ್ಮ ವಾದಿರಾಜ ತಂದದ್ದು ಅಮ್ಮನ ಫೈಲು.

ಆವರಣಗಳೆಲ್ಲ ಸರಿಯಾಗಿ ಮುಚ್ಚಿದ್ದವು. ಕಚೇರಿಯ ರೂಢಿಯಂತೆ ಫೈಲನ್ನು ಮಾತಾಡಿಸಿ ನೋಡಬೇಕು. ಅಮ್ಮ ಆಗಾಗ ಓದುತ್ತಿದ್ದ ಪದ್ಯವನ್ನೇ ಮಂದಾಕಿನಿ ಓದಿಸಿದಳು. ಅದರಲ್ಲಿ ಬರುವ, ಮಗನನ್ನು ಕಳೆದುಕೊಂಡ ತಾಯಿಯ ಗೋಳನ್ನು ಫೈಲಿನ ಅಮ್ಮ ಎಲ್ಲೂ ತಡವರಿಸದೆ, ಇಂಪಾಗಿ ಓದಿ ಮುಗಿಸಿದಳು. ಬದುಕಿದ್ದಾಗ ಅಲ್ಲಿ ಅಮ್ಮನಿಗೆ ಗಂಟಲು ಕಟ್ಟದ ದಿನವೇ ಇರಲಿಲ್ಲ. ತೀರಿಹೋದ ಚೊಚ್ಚಲ ಮಗ ನೆನಪಾಗುತ್ತಿದ್ದ.

"ಏನು ತೆಗೆಸಿದ್ಯೋ, ವಾದಿ?"

"ಫಾರ್ಮ್ಯಾಟ್ ಮಾಡ್ಸಿದೆ, ಅಷ್ಟೇ. ಸತ್ತ ಮೇಲೂ ಅಮ್ಮ ಅಳ್ತಾನೇ ಇರ್ಬೇಕಾ? ಒತ್ತಿಬಿಡೇ ಅಕ್ಕ."

"ಅಣ್ಣನ್ನ ಅಮ್ಮನಿಂದ ಕಿತ್ಕೊಳ್ಳೋಕೆ ನೀನ್ಯಾರೋ? ನಾನು ಒತ್ತಲ್ಲ."