ದಕ್ಷಿಣಾದಿ

"ಯಾರೇ ಬಂದರೂ ಒಳಗೆ ಬಿಡಬೇಡ" ಎಂದು ಕಲ್ಲಿನಾಥ ಬಾಗಿಲು ಕಾಯುವವನಿಗೆ ಹೇಳಿ ತಿರುಗುವಷ್ಟರಲ್ಲಿ ಅವನ ತಾಯಿ ಗಂಗವ್ವ ಇನ್ನೊಂದು ಬಾಗಿಲಿಂದ ಒಳಗೆ ಬಂದಾಗಿತ್ತು. ಇಳಕಲ್ ಸೀರೆ, ಅದರ ಮೇಲೆ ಗಂಡನ ಉಣ್ಣೆ ಕೋಟು, ಹಣೆಯಲ್ಲಿ ವಿಭೂತಿ.

ಮಧ್ಯಾಹ್ನ ಎರಡು ಗಂಟೆ. ಶಿಕಾಗೋದ ಆ ಥಿಯೇಟರಿನ ವೇದಿಕೆಯ ಮೇಲೆ ಬ್ಯಾಂಡಿನ ಉಳಿದ ಮೂವರು ಮೈಕು ಪರೀಕ್ಷಿಸುತ್ತಿದ್ದರು. ಇನ್ನು ಹತ್ತು ನಿಮಿಷಕ್ಕೆ ಪತ್ರಿಕೆಯ ವರದಿಗಾರ ಬರುವವನಿದ್ದ. ಸಂದರ್ಶನ ವೇದಿಕೆಯ ಹಿಂದಿನ ಇದೇ ಕೋಣೆಯಲ್ಲಿ.

"ಹೊರಗ ಎಷ್ಟು ಮಂದಿ ಅದಾರ?" ಕಲ್ಲಿನಾಥ ಕೇಳಿದ.

"ಆರು ಮಂದಿ. ಲಾಬಿಯೊಳಗ ಕುಂದರಿಸಿ ಬಂದೀನಿ. ವತ್ಸಲಾ ಶಾಲು ತಂದಾಳ, ನಿನಗ ಹೊದಿಸಾಕ."

ಅವನ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಶಿಕಾಗೋ ಪಕ್ಕದ ಲಿಸ್ಲ್‌ನಿಂದ ಮೈಸೂರು ಕಡೆಯ ಈ ವತ್ಸಲಾ ಆಂಟಿಯೇ ಹೋಟೆಲಿಗೆ ಫೋನ್ ಮಾಡಿದ್ದರು. "ಏನಪ್ಪಾ, ಕರ್ನಾಟಕ ಸಂಗೀತ ಹಾಡ್ತೀಯಂತೆ, ನಮಗೊಂದು ಮಾತು ಹೇಳಬಾರ್ದಾ? ಪೇಪರಲ್ಲಿ ಫೋಟೋ ನೋಡಿದೆ. ನಿಮ್ಮಮ್ಮನೂ ಇಲ್ಲೇ ಬಂದಿದಾರೆ. ಎಲ್ರಿಗೂ ಟಿಕೆಟ್ ಬುಕ್ ಮಾಡಿದೀನಿ. ಅಂದಹಾಗೆ ಮೃದಂಗ ಯಾರದು?"

ಎಲ್ಲ ಒಂದು ಪದದ ಅವಾಂತರ. ತಾನು ಹಾಡುವುದು ಸದರ್ನ್ ರಾಕ್, ಅಂದರೆ ಅಮೆರಿಕದ ದಕ್ಷಿಣ ಸೀಮೆಯ ರಾಕ್ ಸಂಗೀತ ಎಂದು ಅವನು ಅವ್ವನಿಗೆ ಒಮ್ಮೆ ಹೇಳಿದ್ದ. ಅವಳು ಕಂಡಕಂಡವರಿಗೆ "ನನ್ನ ಮಗಾ ದಕ್ಷಿಣಾದಿ ಹಾಡ್ತಾನ" ಎಂದಳು. ಧಾರವಾಡದ ಕಡೆ ದಕ್ಷಿಣಾದಿ ಎಂದರೆ ಕರ್ನಾಟಕ ಸಂಗೀತ. ಅವಳು ಅಮೆರಿಕಕ್ಕೆ ಬಂದು ಹತ್ತು ವರ್ಷದ ಮೇಲಾಯಿತು. ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಕೊಂಡೇ ಇರುತ್ತಾಳೆ. ಇಂಗ್ಲಿಷಿನ ಒಂದಕ್ಷರವಾದರೂ ತಲೆಗೆ ಇಳಿಯಬಾರದೇ?

ಬ್ಯಾಂಡು ಹುಟ್ಟಿದ್ದು 1969ರಲ್ಲಿ, ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಒಂದು ಗ್ಯಾರೇಜಿನಲ್ಲಿ. ಉಳಿದ ಮೂವರ ಅಪ್ಪಂದಿರು ಕಾರು ಕಾರ್ಖಾನೆಯ ಕೆಲಸಕ್ಕೆಂದು ದಕ್ಷಿಣದ ಅಲಬಾಮಾದಿಂದ ಡೆಟ್ರಾಯಿಟ್ ಸೀಮೆಗೆ ಬಂದವರು. ಕಲ್ಲಿನಾಥನ ಅಪ್ಪ ಡಾಕ್ಟರು. ಮಗ ಹೈಸ್ಕೂಲಿಗೆ ಕೈಮುಗಿದು ಗಿಟಾರು ಹಿಡಿದ ದಿನವೇ ಅವರು ಅವನೊಡನೆ ಮಾತು ಬಿಟ್ಟರು. ನಾಲ್ಕು ವರ್ಷ ಹುಡುಗರು ಬಾರ್‌ಗಳಲ್ಲಿ, ಮದುವೆಗಳಲ್ಲಿ, ಒಮ್ಮೆ ಟಯರ್ ಅಂಗಡಿಯ ಮುಂದೆ ಕೂಡ ನುಡಿಸಿದರು. ಮೂರು ಸಲ ಹೆಸರು ಬದಲಾಯಿಸಿದರು. ಯಾರೂ ಮೂಸಿ ನೋಡಲಿಲ್ಲ.

1973ರಲ್ಲಿ ಮ್ಯಾನೇಜರ್ ಡೆನ್ನಿ ಬಂದ. "ದಕ್ಷಿಣದ ಬಡ ಹುಡುಗರು ಅಂದರೆ ಜನ ಮುಗಿಬೀಳುತ್ತಾರೆ" ಎಂದ. ಕಲ್ಲಿನಾಥ ಕ್ಯಾಲ್ ಆದ. ಅಲಬಾಮಾದ ಎಳೆದೆಳೆದು ಆಡುವ ಮಾತನ್ನು ಡ್ರಮ್ ಬಾರಿಸುವವನ ಅಪ್ಪನಿಂದ ಕಲಿತ. ಅವನ ಮೈಬಣ್ಣಕ್ಕೆಂದು ಅಲ್ಲಿನ ಮೂಲನಿವಾಸಿ ಪಂಗಡದ ಒಬ್ಬ ಚೆರೋಕಿ ಅಜ್ಜಿಯನ್ನು ಹುಟ್ಟಿಸಲಾಯಿತು. ಬ್ಯಾಂಡಿನ ಚರಿತ್ರೆ ಎಂದು ಒಂದು ಹಾಳೆ ಅಚ್ಚಾಗಿ ಪತ್ರಿಕೆಗಳಿಗೆಲ್ಲ ಹೋಯಿತು. ಅದರಲ್ಲೊಂದು ಸಾಲು: ಕ್ಯಾಲ್ ಹತ್ತು ವರ್ಷದವನಿದ್ದಾಗ ಅವನ ತಾಯಿ ಅಲಬಾಮಾದಲ್ಲಿ ತೀರಿಕೊಂಡಳು.

ಆ ಸಾಲು ಡೆನ್ನಿಯದಲ್ಲ. ಕಲ್ಲಿನಾಥನೇ ಹೇಳಿ ಬರೆಸಿದ್ದು.

ಆಮೇಲೆ ಅದನ್ನೇ ಹಾಡು ಮಾಡಿದ. ತಾಯಿಯ ಗೋರಿಯ ಮುಂದೆ ಮಗ ಕೂತು ಅಳುವ ಹಾಡು. 1975ರ ಬೇಸಿಗೆ ಪೂರ್ತಿ ಡೆಟ್ರಾಯಿಟ್‌ನಿಂದ ಶಿಕಾಗೋವರೆಗೆ ಕಾರುಕಾರಿನಲ್ಲೂ ಅದೇ. ಸಭೆಯಲ್ಲಿ ಗಡ್ಡ ಬಿಟ್ಟ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಅವನು ತನ್ನ ಬೂಟು ನೋಡುತ್ತಿದ್ದ.

ತಾಯಿ ಬದುಕಿದ್ದಾಳೆ ಎಂದು ಒಬ್ಬ ವರದಿಗಾರ ಬರೆದರೆ ಸಾಕು. ಹಾಡೂ ಮುಗಿಯಿತು, ಬ್ಯಾಂಡೂ ಮುಗಿಯಿತು. ಜನ ಉಗಿಯುತ್ತಾರೆ.

"ದಕ್ಷಿಣಾದಿ ಅಂತ ಹೇಳು ಅಂತ ಯಾರು ಅಂದಿದ್ರು ನಿನಗ?" ಹಲ್ಲು ಕಚ್ಚಿ ಕೇಳಿದ.

"ನಮ್ಮ ಕಡೆಯವರಿಗೆ ಹಿಂದೂಸ್ತಾನಿ ಅಷ್ಟ ಬೇಕು, ಹಂಗಂದ್ರ ಮುಂದ ಏನೂ ಕೇಳಂಗಿಲ್ಲ ಅಂದ್ಕೊಂಡೆ. ಈ ಮೈಸೂರವರು ಬೆನ್ನ ಹತ್ತತಾರ ಅಂತ ನನಗೇನ ಗೊತ್ತು?"

"ನಿನಗ ಏನ ಗೊತ್ತಾಗತೈತಿ? ಏನೂ ಗೊತ್ತಾಗಂಗಿಲ್ಲ!"

"ಇಲ್ಲ ಬಿಡಪಾ." ಗಂಗವ್ವ ಸೆರಗು ಸರಿಮಾಡಿಕೊಂಡಳು. "ಸಿಟ್ಟಾಗಬ್ಯಾಡ. ನಿನಗ ಗಂಟಲ ಕಟ್ಟೈತಿ, ಇವತ್ತ ಹಾಡಂಗಿಲ್ಲ ಅಂತ ಹೇಳಿ ಎಲ್ಲಾರನ್ನೂ ಕರ್ಕೊಂಡ ಹೋಗ್ತೀನಿ. ಅದನ್ನ ಹೇಳಾಕ ಬಂದೆ. ಉಂಡಿಯೇನು?"

"ಮೊದಲ ಹೋಗು ಇಲ್ಲಿಂದ."

"ಹೊಂಟೆ. ಭಾಳ ಸೊರಗೀದಿ, ನೋಡು."

ಅವಳು ಬಾಗಿಲಿಗೆ ಕೈ ಹಾಕಿದಳು. ಅದು ಹೊರಗಿನಿಂದಲೇ ತೆರೆಯಿತು. ಮುಂದೆ ಡೆನ್ನಿ. ಹಿಂದೆ ತೆಳ್ಳನೆಯ ವರದಿಗಾರ, ಕೈಯಲ್ಲಿ ಚರಿತ್ರೆಯ ಹಾಳೆ. ಅವನು ಗಂಗವ್ವನ ಮುಖ ನೋಡಿದ. ಕಲ್ಲಿನಾಥನ ಮುಖ ನೋಡಿದ. ಮತ್ತೆ ಗಂಗವ್ವನ ಮುಖಕ್ಕೆ ಮರಳಿದ. ಅದೇ ಮೂಗು, ಅದೇ ಗಲ್ಲ.

"ಇವರು ಯಾರು?"

ಕಲ್ಲಿನಾಥನ ನಾಲಿಗೆ ಅವನಿಗಿಂತ ಮೊದಲೇ ಓಡಿತು. "ಯಾರೋ ಅಭಿಮಾನಿ. ದಾರಿ ತಪ್ಪಿ ಒಳಗೆ ಬಂದಿದ್ದಾರೆ. ಇವರಿಗೆ ಇಂಗ್ಲಿಷ್ ಬರುವುದಿಲ್ಲ."

ಹೇಳಿದ್ದೇ ತಡ, ಕಿವಿ ಕಾದವು. ತಲೆಯೆತ್ತಲು ಆಗಲಿಲ್ಲ. ಇಷ್ಟು ದಿನ ಹಾಳೆಯ ಮೇಲೆ ಕೊಂದಿದ್ದ, ಹಾಡಿನಲ್ಲಿ ಕೊಂದಿದ್ದ. ಈಗ ಎದುರಿಗೇ ನಿಲ್ಲಿಸಿಕೊಂಡು. ಅವಳಿಗೆ ತಿಳಿಯಲಿಲ್ಲ ಎಂಬುದೊಂದೇ ಸಮಾಧಾನ. ಆ ಸಮಾಧಾನಕ್ಕೂ ಹೇಸಿಗೆಯಾಯಿತು.

ವರದಿಗಾರ ಬಿಡುವ ಆಸಾಮಿಯಲ್ಲ. ಅವಳ ದಾರಿಗೆ ಅಡ್ಡ ನಿಂತು, ಒಂದೊಂದೇ ಪದ ಬಿಡಿಸಿ, ಮಗುವನ್ನು ಕೇಳುವ ಹಾಗೆ ಕೇಳಿದ: "ಅಮ್ಮಾ, ಈ ಕ್ಯಾಲ್ ನಿಮಗೆ ಏನಾಗಬೇಕು?"

ಗಂಗವ್ವ ಕೋಟಿನ ಗುಂಡಿ ಹಾಕಿಕೊಂಡಳು. ಮಗನ ಕಡೆ ನೋಡಲಿಲ್ಲ.

"ಏನೂ ಆಗಬೇಕಿಲ್ಲ" ಎಂದಳು, ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ. "ಆದರೆ ಇವನ ತಾಯಿಯನ್ನು ಬಲ್ಲೆ. ಅಲಬಾಮಾದಲ್ಲಿ ಅವಳ ಮಣ್ಣಿಗೆ ನಾನೂ ಹೋಗಿದ್ದೆ."